ಹಳೆಯ ಹೆಲ್ಮೆಟ್ಟು

ನಮ್ಮ ಮನೆಗಳಲ್ಲಿ ಯಾವುದನ್ನೂ ಎಸೆಯುವ ರೂಢಿಯಿಲ್ಲ. ಹರಿದ ಇಳಕಲ್ ಸೀರೆ ಕೌದಿಯಾಗುತ್ತದೆ, ತೂತುಬಿದ್ದ ಕೊಡದಲ್ಲಿ ತುಳಸಿ ಬೆಳೆಯುತ್ತದೆ. ಹಾಗಾಗಿ ನಮ್ಮ ಮನೆಯವರು ಗಜೇಂದ್ರಗಡದಿಂದ ಹೊಸ ಹೆಲ್ಮೆಟ್ ತಂದ ದಿನ, ಹಳೆಯದನ್ನು ಮುಶಿಗೇರಿಯ ಹೊಲದಲ್ಲಿ ದುಡಿಯುವ ಹುಡುಗನಿಗೆ ಕೊಟ್ಟರಾಯಿತೆಂದು ಒರೆಸತೊಡಗಿದೆ.

ಅದು ಒಮ್ಮೆ ರಸ್ತೆಗೆ ಬಡಿದು ಇವರ ತಲೆ ಕಾಯ್ದದ್ದು. ಮೇಲೊಂದು ಗೀರು, ಅಷ್ಟೇ.

“ಛಲೋ ಐತಲ್ಲ, ಮತ್ಯಾಕ ಹೊಸಾದು?” ಎಂದೆ.

ಪೆಟ್ಟು ನುಂಗುವುದು ಒಳಗಿನ ಥರ್ಮಾಕೋಲಿನಂಥ ಪದರವಂತೆ. ಒಮ್ಮೆ ಅಮುಕಿದರೆ ಅದು ಮತ್ತೆ ಮೊದಲಿನಂತಾಗುವುದಿಲ್ಲ. ಹೊರಗಿನಿಂದ ಕಾಣುವುದೂ ಇಲ್ಲ. ಬೀಳದಿದ್ದರೂ ಐದು ವರ್ಷಕ್ಕೆ ಬದಲಿಸುವುದು ಒಳ್ಳೆಯದು. ಕೊಳ್ಳುವಾಗ ಐಎಸ್‌ಐ ಗುರುತು ನೋಡಬೇಕು. 2021ರ ಜೂನ್ 1ರಿಂದ ಅದಿಲ್ಲದ್ದನ್ನು ಮಾರುವಂತಿಲ್ಲ. ಪಟ್ಟಿ ಬಿಗಿದು ತಲೆಯಾಡಿಸಿದರೆ ಹೆಲ್ಮೆಟ್ ತಲೆಯೊಡನೆಯೇ ಆಡಬೇಕು, ತಾನೇ ಬೇರೆ ಆಡಬಾರದು.

ಒರೆಸುತ್ತಿದ್ದ ಕೈ ನಿಂತಿತು. ನಮ್ಮವರ ತಲೆಗೆ ಸಾಲದ್ದು ಅವನ ತಲೆಗೆ ಸಾಕೆ?

ಬರಿದಲೆಗಿಂತ ಇದಾದರೂ ವಾಸಿ ಎಂದು ಮನಸ್ಸು ವಾದಿಸಿತು. ಇದ್ದೀತು. ಆದರೆ “ಇದು ಪೆಟ್ಟು ತಿಂದದ್ದಪ್ಪಾ, ಅದಕ್ಕೇ ನಾವು ಬಿಟ್ಟೆವು” ಎಂದು ಹೇಳಿ ಕೊಡುವಷ್ಟು ಧೈರ್ಯ ನನಗಿತ್ತೆ? ಇರಲಿಲ್ಲ. ಹಳಸಿದ ಅನ್ನವಾದರೆ ಉಣ್ಣುವವನಿಗೆ ವಾಸನೆ ತಿಳಿಯುತ್ತದೆ. ಇದರ ಹಳಸಲು ನಮಗಷ್ಟೇ ಗೊತ್ತು. ಮುಚ್ಚಿಟ್ಟು ಕೊಡುವುದು ದಾನವೆನಿಸೀತೆ?

ಸೀರೆಗೆಂದು ಕೂಡಿಟ್ಟ ಹಣದಲ್ಲಿ ಆ ಹುಡುಗನಿಗೂ ಒಂದು ಹೊಸ ಹೆಲ್ಮೆಟ್ ತರಿಸಿದೆ. ಹಳೆಯದರ ಪಟ್ಟಿ ಕತ್ತರಿಸಿ, ಬೋರಲಿದ್ದದ್ದನ್ನು ಅಂಗಾತ ಮಾಡಿ, ಬೆಳ್ಳುಳ್ಳಿ ತುಂಬಿಟ್ಟಿದ್ದೇನೆ.

ಎಸೆಯುವುದಂತೂ ಆಗಲಿಲ್ಲ.