ಸಂತಾನಹೀನತೆಯ ಹೊಣೆ ಯಾರದು?

ವಿವಾಹವಾಗಿ ಐದಾರು ವರ್ಷಗಳು ಕಳೆದರೂ ತೊಟ್ಟಿಲು ತೂಗದ ಮನೆಯಲ್ಲಿ ಮೊದಲು ಎಲ್ಲರ ದೃಷ್ಟಿ ಬೀಳುವುದು ಸೊಸೆಯ ಮೇಲೆ. ವೈದ್ಯರ ಬಳಿಗೆ ಅಲೆಯುವವಳು ಅವಳು. ವ್ರತೋಪವಾಸಗಳನ್ನು ಹೊರುವವಳೂ ಅವಳೇ. ಆಡುಮಾತು ‘ಬಂಜೆ’ ಎಂದು ಹೆಣ್ಣನ್ನು ಕರೆದಷ್ಟು ಸುಲಭವಾಗಿ ಗಂಡಿಗೆ ಹೆಸರಿಟ್ಟಿಲ್ಲ. ವೀರ್ಯಪರೀಕ್ಷೆಯು ಅತ್ಯಂತ ಸರಳವಾದುದು. ಆದರೂ ಅದರ ಮಾತೆತ್ತುವುದೇ ಮನೆತನದ ಮರ್ಯಾದೆಗೆ ಕುಂದೆಂದು ಭಾವಿಸುವವರುಂಟು. ಸಂತಾನವಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಪುರುಷನ ಕಡೆಯ ಕಾರಣವು, ಒಂಟಿಯಾಗಿಯೋ ಪತ್ನಿಯ ಕಾರಣದೊಡನೆ ಕೂಡಿಯೋ, ಇರುತ್ತದೆ. ಪಾಲುದಾರಿಕೆಯ ವ್ಯಾಪಾರದಲ್ಲಿ ಲೆಕ್ಕದ ಪುಸ್ತಕವನ್ನೇ ತೆರೆಯದೆ ನಷ್ಟವನ್ನೆಲ್ಲ ಒಬ್ಬನ ಖಾತೆಗೆ ಬರೆಯುವುದನ್ನು ಯಾವ ವರ್ತಕನೂ ಒಪ್ಪನು.

ಈಚೆಗೆ ಗಂಡಸರ ವಿಷಯದಲ್ಲಿ ‘ಮಾನಸಿಕ ಒತ್ತಡ’ ಎಂಬ ಕಾರಣವು ಬಳಕೆಗೆ ಬಂದಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಚಿಂತೆಯು ದೀರ್ಘಕಾಲ ನಿಂತರೆ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚುತ್ತದೆ; ಮಿದುಳಿನಿಂದ ಪಿಟ್ಯುಟರಿ ಗ್ರಂಥಿಯ ಮೂಲಕ ವೃಷಣಗಳಿಗೆ ತಲಪುವ ಪ್ರೇರಣೆ ಕುಗ್ಗಿ ಟೆಸ್ಟೋಸ್ಟಿರಾನ್ ಇಳಿಯಬಹುದು. ವೀರ್ಯಾಣು ರೂಪುಗೊಳ್ಳಲು ಸುಮಾರು 70 ದಿನಗಳು ಬೇಕಾದ್ದರಿಂದ ಇಂದಿನ ವ್ಯಥೆಯ ಫಲವು ಎರಡು ಮೂರು ತಿಂಗಳ ಬಳಿಕ ಕಾಣಿಸಬಹುದು. ಅಮೆರಿಕದ 193 ಪುರುಷರನ್ನು ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಚ್ಚು ಒತ್ತಡವನ್ನು ಅನುಭವಿಸುತ್ತಿದ್ದವರ ವೀರ್ಯಾಣುಗಳ ಚಲನೆಯೂ ಆಕಾರವೂ ಕೆಳಮಟ್ಟದಲ್ಲಿದ್ದವು. ಆದರೆ ಉದ್ಯೋಗದ ಒತ್ತಡಕ್ಕೂ ವೀರ್ಯದ ಗುಣಕ್ಕೂ ಅಲ್ಲಿ ನಂಟು ಕಾಣಲಿಲ್ಲ. ಎಲ್ಲವನ್ನೂ ಅಂಗಡಿಯ ಚಿಂತೆಯ ತಲೆಗೆ ಕಟ್ಟುವವರು ಇದನ್ನು ಗಮನಿಸಬೇಕು.

ಇಲ್ಲಿಯೇ ನೀತಿಯ ಪ್ರಶ್ನೆ ಏಳುತ್ತದೆ. ಉದ್ದೇಶವಿಲ್ಲದೆ ಒದಗಿದ ದೇಹದ ಕೊರತೆಗೆ ಗಂಡನನ್ನಾಗಲಿ ಹೆಂಡತಿಯನ್ನಾಗಲಿ ದೂಷಿಸಲಾಗದು. ತಿಳಿಯಲು ಸಾಧ್ಯವಿದ್ದುದನ್ನು ತಿಳಿಯದೆ ಉಳಿದು, ಆ ಅಜ್ಞಾನದ ಭಾರವನ್ನು ಇನ್ನೊಂದು ಜೀವದ ಮೇಲೆ ಹೊರಿಸುವುದಾದರೋ ಪ್ರಮಾದವೇ ಸರಿ. ‘ಒತ್ತಡ ಕಡಿಮೆಯಾದರೆ ಎಲ್ಲವೂ ಸರಿಹೋದೀತು’ ಎಂದು ಪರೀಕ್ಷೆಯನ್ನು ಮುಂದೂಡುವ ಪತಿಯು ಪತ್ನಿಯ ವಯಸ್ಸನ್ನು ವ್ಯಯಮಾಡುತ್ತಾನೆ. ವೃಷಣದ ರಕ್ತನಾಳಗಳು ಉಬ್ಬುವ ವೆರಿಕೋಸೀಲ್‌ನಂತಹ, ಚಿಕಿತ್ಸೆಯಿರುವ ಕಾರಣವೂ ಹೀಗೆ ಮರೆಯಲ್ಲಿಯೇ ಉಳಿದೀತು.

ಹಿರಿಯರ ಪಾಲೂ ಸಣ್ಣದಲ್ಲ. ಸಮಾರಂಭಗಳಲ್ಲಿ ‘ಇನ್ನೂ ಏನೂ ವಿಶೇಷವಿಲ್ಲವೆ?’ ಎಂದು ಕೇಳುವವರು ಅದನ್ನು ಅಕ್ಕರೆಯೆಂದೇ ಬಗೆಯುತ್ತಾರೆ; ಕೇಳಿಸಿಕೊಂಡ ದಂಪತಿಗಳಿಗೆ ಆ ರಾತ್ರಿ ನಿದ್ರೆ ಬರುವುದಿಲ್ಲ. ಒಂದು ವರ್ಷ ಕಾದೂ ಗರ್ಭ ನಿಲ್ಲದಿದ್ದರೆ, ಪತ್ನಿಗೆ 35 ದಾಟಿದ್ದಲ್ಲಿ ಆರು ತಿಂಗಳಿಗೇ, ಇಬ್ಬರೂ ಜೊತೆಯಾಗಿ ವೈದ್ಯರನ್ನು ಕಾಣುವುದು ಯುಕ್ತ. ಮೊದಲ ವರದಿಯಲ್ಲಿ ಎಣಿಕೆ ಕಡಿಮೆಯಿದ್ದರೆ ಪತಿಯು ಧೃತಿಗೆಡಬೇಕಾಗಿಲ್ಲ. ಹಿಂದೆ ಬಂದುಹೋದ ತೀವ್ರ ಜ್ವರವೂ ಅದನ್ನು ಕೆಲಕಾಲ ಇಳಿಸಬಲ್ಲದಾದ್ದರಿಂದ, ಕೆಲವು ವಾರಗಳ ಬಳಿಕ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸುತ್ತಾರೆ.