ಕಾಮಣ್ಣನ ಕುಳ್ಳು

ಪ್ರತಿ ಹೋಳಿಗೂ ನಮ್ಮ ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದೇ ಜಗಳ. ಉತ್ತರದವರ ಹಬ್ಬ ನಮಗ್ಯಾಕೆ ಅಂತ ಒಬ್ಬರು, ಶಾಸ್ತ್ರದಲ್ಲೇ ಇದೆ, ಎಲ್ಲರದ್ದೂ ಅಂತ ಇನ್ನೊಬ್ಬರು. ತಮಾಷೆ ಅಂದ್ರೆ ಈ ಜಗಳಕ್ಕೆ ಒಂದೂವರೆ ಸಾವಿರ ವರ್ಷ ದಾಟಿದೆ. ಜೈಮಿನಿಯ ಮೀಮಾಂಸಾ ಸೂತ್ರಗಳಿಗೆ ಭಾಷ್ಯ ಬರೆದ ಶಬರಸ್ವಾಮಿ ‘ಹೋಲಾಕಾ’ ಅನ್ನೋ ಹಬ್ಬವನ್ನೇ ಉದಾಹರಣೆಗೆ ತಗೊಳ್ತಾನೆ. ಇದನ್ನು ಆಚರಿಸೋರು ಪೂರ್ವದವರು. ಹಾಗಾದರೆ ಇದು ಅವರಿಗಷ್ಟೇ ಧರ್ಮವೋ, ಎಲ್ಲರಿಗೂವೋ?

ಎಲ್ಲರಿಗೂ ಅನ್ನೋದು ತೀರ್ಮಾನ. ಕಾರಣ ಮಾತ್ರ ವಿಚಿತ್ರ. ಈ ಆಚರಣೆಗೆ ವೇದವಾಕ್ಯ ಯಾರ ಕೈಲೂ ಇಲ್ಲ. ಆದರೆ ಜನ ತಲೆತಲಾಂತರದಿಂದ ಮಾಡ್ತಿದ್ದಾರೆ ಅಂದಮೇಲೆ ಎಲ್ಲೋ ಒಂದು ವಾಕ್ಯ ಇದ್ದಿರಲೇಬೇಕು, ವೇದ ಊರು ನೋಡಿ ಮಾತಾಡಲ್ಲ ಅಂತ ವಾದ. ಮರ ನೋಡಿ, ಕೆಳಗೆ ಬೇರು ಇದ್ದೇ ಇರುತ್ತೆ ಅಂದಂಗೆ.

ನಮ್ಮ ಕುಕ್ಕುವಾಡದಲ್ಲಿ ಹೋಳಿ ಅಂದ್ರೆ ಕಾಮಣ್ಣ. ಶಿವ ಕಾಮನನ್ನು ಸುಟ್ಟ ಕಥೆ, ಹರಿಹರನ ‘ಗಿರಿಜಾಕಲ್ಯಾಣ’ದಲ್ಲಿ ಬರೋದು. ಹುಣ್ಣಿಮೆಗೆ ಮೊದಲೇ ಹುಡುಗರೆಲ್ಲ ಕಟ್ಟಿಗೆ, ಕುಳ್ಳು ಕದಿಯೋಕೆ ಹೊರಡ್ತಿದ್ವಿ. ಕದ್ದಿದ್ದೇ ಕಾಮಣ್ಣನಿಗೆ ಸಲ್ಲೋದು ಅನ್ನೋದು ನಮ್ಮ ಶಾಸ್ತ್ರ. ಒಂದು ವರ್ಷ, ಒಬ್ಬಳೇ ಇದ್ದ ಅಜ್ಜಿಯೊಬ್ಬಳು ಮಳೆಗಾಲಕ್ಕಂತ ತಟ್ಟಿ ಒಟ್ಟಿದ್ದ ಕುಳ್ಳನ್ನೆಲ್ಲ ಹೊತ್ತು ತಂದ್ವಿ. ಬೆಳಗ್ಗೆ ಅಜ್ಜಿ ಬಂದು ಬೂದಿ ಹತ್ರ ನಿಂತಳು.

“ಯಾಕ್ರಪ್ಪಾ, ನಂದೇ ಸಿಕ್ತಾ?”

“ಹಬ್ಬ ಅಲ್ವೇನಜ್ಜಿ, ಮೊದ್ಲಿಂದ ನಡ್ಕೊಂಡು ಬಂದಿದ್ದು” ಅಂದವನು ನಾನೇ.

ಕಾಮನ ಕೆಂಡ ಮನೆಗೆ ಒಯ್ದು ಒಲೆ ಹಚ್ಚೋದು ರೂಢಿ. ಅಜ್ಜಿನೂ ಒಂದು ಹಂಚಿನ ಚೂರಲ್ಲಿ ಕೆಂಡ ತಗೊಂಡು ಹೋದಳು. ಬೈಯಲಿಲ್ಲ. ಬೈದಿದ್ರೆ ಇಷ್ಟೊತ್ತಿಗೆ ಮರೆತಿರ್ತಿದ್ದೆ.

ಹೋಲಾಕಾ ಚರ್ಚೆಗೆ ಸ್ವಲ್ಪ ಮುಂಚೆ, ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಅದನ್ನು ಗ್ರೂಪಿಗೆ ಯಾರೂ ಫಾರ್ವರ್ಡ್ ಮಾಡಲ್ಲ. ಯಜ್ಞದಲ್ಲಿ ಒಂದು ಹೋಮದ ಬಟ್ಟೆಯನ್ನು ಅಧ್ವರ್ಯು, ಅಂದರೆ ಯಜ್ಞ ನಡೆಸುವ ಪುರೋಹಿತ, ತಗೋಬೇಕು ಅಂತ ಒಂದು ರೂಢಿ. ಇದಕ್ಕೆ ವೇದದ ಬೇರು ಊಹಿಸಬೇಡಿ ಅಂತಾನೆ ಶಬರ. ಬಟ್ಟೆಯ ಆಸೆಗೇ ಯಾರೋ ಶುರು ಮಾಡಿರಬಹುದು. ಆಸೆ ಕಣ್ಣೆದುರೇ ಇರುವಾಗ ಶಾಸ್ತ್ರ ಹುಡುಕೋದ್ಯಾಕೆ?

ಇದನ್ನು ಓದಿದಾಗ ಕಾಮಣ್ಣನ ಬೆಂಕಿ ಬಗ್ಗೆ ನನಗೆ ಅನುಮಾನ ಬರಲಿಲ್ಲ. ಆ ಬೆಂಕಿ ಈಗಲೂ ಇಷ್ಟ, ಊರಲ್ಲಿದ್ರೆ ಹೋಗಿ ನಿಲ್ತೀನಿ. ಅನುಮಾನ ಬಂದಿದ್ದು ನಾನು ಅಜ್ಜಿಗೆ ಕೊಟ್ಟ ಉತ್ತರದ ಮೇಲೆ. ಊರಗೌಡರ ಹಿತ್ತಲಲ್ಲಿ ಅದರ ಹತ್ತರಷ್ಟು ಕುಳ್ಳಿತ್ತು. ಅಲ್ಲಿಗೆ ನಾವು ಹೋಗಿರಲಿಲ್ಲ. ಅಲ್ಲಿ ನಾಯಿ ಇತ್ತು.