ಇಂದಿನ ಚಿಂತನೆ: ವಾಲ್ವಿನ ಕುಲ



ಕೊಕ್ಕರೆ ಬೆಳ್ಳೂರಿನ ನಮ್ಮ ಮನೆಯಲ್ಲಿ ಅಪ್ಪನ ಕಾಲದ ವಾಲ್ವ್ ರೇಡಿಯೊ ಇದೆ. ಸ್ಪೀಕರಿಗೆ ಬಲ ಕೊಡುವ ಇಎಲ್84 ವಾಲ್ವ್ ಕೆಟ್ಟಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ರಿಪೇರಿಯವರು ಎರಡು ವಾಲ್ವ್ ಮುಂದಿಟ್ಟರು. ಒಂದು ಇಂಗ್ಲೆಂಡಿನ ಹಳೆಯ ಮುಲ್ಲಾರ್ಡ್. ಇನ್ನೊಂದರ ಮೇಲೂ ಮುಲ್ಲಾರ್ಡ್ ಎಂದೇ ಇತ್ತು, ಆದರೆ ಈಚೆಗೆ ರಷ್ಯಾದ ಸರಾತೊವ್‌ನಲ್ಲಿ ತಯಾರಾದದ್ದು. ಹಳೆಯದಕ್ಕೆ ನಾಲ್ಕು ಪಟ್ಟು ಬೆಲೆ.

“ಇದರಲ್ಲಿ ಒರಿಜಿನಲ್ ಯಾವುದು?” ಎಂದೆ. ಕೇಳಿದ ಮೇಲೆ ನಾಚಿಕೆಯಾಯಿತು. ಹಳೆಯದೆಲ್ಲ ಹೊನ್ನು ಎಂಬ ಮಾತಿಗೆ ನಮ್ಮ ಹಿರಿಯರು ತೆತ್ತದ್ದು ಕಡಿಮೆಯೇ? ಪರಂಪರೆಯಿಂದ ಬಂದದ್ದೆಂಬ ಕಾರಣಕ್ಕೆ ಯಾವುದನ್ನೂ ಒಪ್ಪಬೇಡಿ ಎಂದು ಭಗವಾನರು ಕಾಲಾಮರಿಗೆ ಹೇಳಿದ್ದನ್ನು ಹೋದ ಭಾನುವಾರ ವಂದನೆಯಲ್ಲಿ ವಿವರಿಸಿದವನು ನಾನೇ.

ಎರಡನ್ನೂ ಟೆಸ್ಟರ್‌ಗೆ ಹಾಕಿಸಿದೆ. ಹಳೆಯದರ ಕ್ಯಾಥೋಡ್ ಲೇಪ ಸವೆದಿತ್ತು, ಮುಳ್ಳು ಅರ್ಧಕ್ಕೇ ನಿಂತಿತು. ಹೊಸದು ಪೂರ್ತಿ ಏರಿತು. (ಬಳಸದೆ ಉಳಿದ ಹಳೆಯ ವಾಲ್ವ್ ಆಗಿದ್ದರೆ ಅದೇ ಗೆಲ್ಲುತ್ತಿತ್ತೇನೋ.) ಹೊಸದನ್ನು ಕೊಂಡೆ.

ಆದರೂ ಆ ಎರವಲು ಹೆಸರು ಚುಚ್ಚುತ್ತಿತ್ತು. ಇಷ್ಟು ಒಳ್ಳೆಯ ವಾಲ್ವ್ ಬೇರೆಯವರ ಹೆಸರನ್ನೇಕೆ ಹೊತ್ತಿದೆ? ಕುಲ ಕೇಳುವ ನನ್ನಂಥ ಗಿರಾಕಿಗಳಿಗಾಗಿ. ಮಂಡ್ಯದಲ್ಲಿ ಬಾಡಿಗೆ ಮನೆ ಹುಡುಕುವಾಗ ನಾನೂ ಊರಿನ ಹೆಸರು ಹೇಳಿ ಕೇರಿಯ ಹೆಸರು ನುಂಗಿದ್ದೆ. ಮನೆ ಸಿಕ್ಕಿತು. ಮೂರು ವರ್ಷ ಅಲ್ಲಿದ್ದೆ.

ಭವತು ಸಬ್ಬ ಮಂಗಲಂ 🙏